ಬೀರುವಿನ ಹಳೇ ಕ್ಯಾಮೆರಾದಲ್ಲೇ ಫೋಟೊಗ್ರಫಿ ಕಲಿಯುವುದು ಹೇಗೆ?

ಮೊಬೈಲ್ ಬರೋಕೆ ಮುಂಚೆ ಮದುವೆಗೋ ಟೂರಿಗೋ ಅಂತ ಕೊಂಡ ಪಾಯಿಂಟ್ ಅಂಡ್ ಶೂಟ್ ಕ್ಯಾಮೆರಾ ಎಷ್ಟೋ ಮನೆಯ ಬೀರುವಿನಲ್ಲಿ ಸುಮ್ನೆ ಬಿದ್ದಿರುತ್ತದೆ. ಅದನ್ನು ಹೊರಗೆ ತೆಗೆಯಿರಿ. ಬ್ಯಾಟರಿ ಉಬ್ಬಿದ್ದರೆ ಚಾರ್ಜ್‌ಗೆ ಹಾಕಬೇಡಿ, ಬೇರೆ ತನ್ನಿ. ತುಂಬಾ ಹಳೇ ಕ್ಯಾಮೆರಾ ಆದರೆ 2 ಜಿಬಿಗಿಂತ ದೊಡ್ಡ ಕಾರ್ಡ್ ಓದದೇ ಇರಬಹುದು, ಅದೊಂದು ಗಮನದಲ್ಲಿರಲಿ.

ಈ ಕ್ಯಾಮೆರಾ ಎಲ್ಲವನ್ನೂ ತಾನೇ ತೀರ್ಮಾನ ಮಾಡುತ್ತದೆ. ಅದು ಯಾವಾಗ, ಯಾಕೆ, ಏನು ಮಾಡುತ್ತಿದೆ ಅಂತ ಪತ್ತೆ ಹಚ್ಚುವುದೇ ನಮ್ಮ ಕೆಲಸ. ಅದಕ್ಕೆ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ.

ಮೊದಲು ಫ್ಲ್ಯಾಶ್ ಆಫ್ ಮಾಡಿ, ಕಿಟಕಿ ಹತ್ತಿರ ಬನ್ನಿ. ಅಲ್ಲಿ ಕೂತವರ ಮುಖ ನಡುವೆ ಬರುವ ಹಾಗೆ ಹಿಡಿದು, ಫೋಟೊ ತೆಗೆಯುವ ಶಟರ್ ಬಟನ್ ಅರ್ಧ ಒತ್ತಿ ಹಿಡಿಯಿರಿ. ಹಸಿರು ಚೌಕ ಬಂತು ಅಂದರೆ ಫೋಕಸ್ ಆಯಿತು. ಬೆರಳು ತೆಗೆಯದೆ ಕ್ಯಾಮೆರಾವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಆಮೇಲೆ ಪೂರ್ತಿ ಒತ್ತಿ. ಮುಖ ಫೋಟೊದ ಒಂದು ಬದಿಗಿದ್ದರೂ ಸ್ಪಷ್ಟವಾಗಿ ಬರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಪ್ರಯೋಗ. ಬಿಳಿ ಪಂಚೆ ಹಾಸಿ ಅದರ ಮೇಲೆ ಒಂದು ಮೊಳ ಮಲ್ಲಿಗೆ ಇಡಿ. ಫ್ರೇಮ್ ತುಂಬಾ ಬಿಳಿಯೇ ಇರುವ ಹಾಗೆ ಫೋಟೊ ತೆಗೆಯಿರಿ. ಕಣ್ಣೆದುರಿನ ಹೂವು ಹಾಲಿನ ಹಾಗಿದೆ, ಫೋಟೊದಲ್ಲಿ ಮಾತ್ರ ಬೂದಿ ಬಡಿದ ಹಾಗೆ ಕಾಣುತ್ತದೆ ಅಲ್ವಾ? ಅದೇ ಜಾಗದಲ್ಲಿ ಕರೀ ದೋಸೆ ಕಾವಲಿ ಇಟ್ಟು ತೆಗೆಯಿರಿ. ಅದೂ ಬೂದು ಬಣ್ಣಕ್ಕೇ ತಿರುಗುತ್ತದೆ! ಎದುರಿಗೆ ಏನೇ ಇರಲಿ, ಒಟ್ಟು ಬೆಳಕು ಕಪ್ಪು-ಬಿಳಿಯ ನಡುಮಧ್ಯದ ಬೂದು ಬಣ್ಣಕ್ಕೆ ಬರಲಿ ಅಂತ ಕ್ಯಾಮೆರಾ ಲೆಕ್ಕ ಹಾಕುತ್ತದೆ. ಬಿಳಿ ಜಾಸ್ತಿ ಕಂಡರೆ ಬೆಳಕು ತಗ್ಗಿಸುತ್ತದೆ, ಕಪ್ಪು ಜಾಸ್ತಿ ಕಂಡರೆ ಏರಿಸುತ್ತದೆ.

ಇದನ್ನು ಸರಿ ಮಾಡುವ ಬಟನ್‌ ಮೇಲೆ + ಮತ್ತು − ಗುರುತು ಇರುತ್ತದೆ. ಪೂರ್ತಿ ಆಟೊದಲ್ಲಿ ಕಾಣದಿದ್ದರೆ, ಕೆಲವು ಸೆಟ್ಟಿಂಗ್ ನಮ್ಮ ಕೈಗೆ ಬಿಡುವ ಪಿ (ಪ್ರೋಗ್ರಾಮ್) ಮೋಡ್‌ಗೆ ಬನ್ನಿ. ಮಲ್ಲಿಗೆಗೆ +1 ಕೊಡಿ, ಕಾವಲಿಗೆ −1. +1 ಅಂದರೆ ಎರಡರಷ್ಟು ಬೆಳಕು, −1 ಅಂದರೆ ಅರ್ಧ. ಹೂವು ಹೂವಿನ ಬಣ್ಣಕ್ಕೆ ಬಂದ ಆ ಕ್ಷಣ ಕ್ಯಾಮೆರಾ ನಿಮ್ಮ ಮಾತು ಕೇಳೋಕೆ ಶುರು ಮಾಡಿದೆ ಅಂತ ಗೊತ್ತಾಗುತ್ತದೆ, ಆ ಖುಷಿಯೇ ಬೇರೆ.

ಝೂಮ್ ವಿಷಯಕ್ಕೆ ಬಂದರೆ, ಡಿಜಿಟಲ್ ಝೂಮ್ ಆಫ್ ಮಾಡಿಬಿಡಿ, ಅದು ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೇ. ಅಜ್ಜಿಯ ಮುಖ ತೆಗೆಯುವಾಗ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಲೆನ್ಸ್‌ನ ಝೂಮ್‌ ಬಳಸಿ. ತೀರಾ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಾಣುತ್ತದೆ. ಇರುವೆ, ಹೂವಿನ ಎಸಳಿಗೆ ಉಲ್ಟಾ: ಹೂವಿನ ಚಿತ್ರ ಇರುವ ಮ್ಯಾಕ್ರೋ ಮೋಡ್ ಹಾಕಿ, ಝೂಮ್ ಪೂರ್ತಿ ಹಿಂದಕ್ಕೆ ತಂದು, ನೀವೇ ಹತ್ತಿರ ಹೋಗಿ.

ರಾತ್ರಿಯ ಪಾಠಕ್ಕೆ ಮೈಸೂರು ಅರಮನೆಗಿಂತ ಒಳ್ಳೇ ಜಾಗ ನನಗೆ ಗೊತ್ತಿಲ್ಲ. ಭಾನುವಾರ ಸಂಜೆ ದೀಪ ಹಾಕಿದ ಕೂಡಲೇ ಸುತ್ತ ಹತ್ತಾರು ಫ್ಲ್ಯಾಶ್ ಮಿಂಚುತ್ತವೆ. ಚಿಕ್ಕ ಕ್ಯಾಮೆರಾದ ಫ್ಲ್ಯಾಶ್ ಮೂರ್ನಾಲ್ಕು ಮೀಟರ್ ಹೋದರೆ ಹೆಚ್ಚು, ಅರಮನೆಗೆ ಎಲ್ಲಿ ಮುಟ್ಟಬೇಕು? ಫ್ಲ್ಯಾಶ್ ಆಫ್ ಮಾಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100ಕ್ಕೆ ಇಳಿಸಿ. ಈ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್‌ನ ಅಗಲ ಸಾಮಾನ್ಯವಾಗಿ 6 ಮಿ.ಮೀ. ಆಸುಪಾಸು, ಹೆಚ್ಚುಕಡಿಮೆ ಒಂದು ತೊಗರಿಬೇಳೆ. ಐಎಸ್‌ಒ ಏರಿಸಿದಷ್ಟೂ, ಇಷ್ಟು ಚಿಕ್ಕ ಸೆನ್ಸರಿನ ಫೋಟೊ ರವೆ ಉದುರಿಸಿದ ಹಾಗೆ ಕಾಳುಕಾಳಾಗುತ್ತದೆ. ಐಎಸ್‌ಒ ಇಳಿಸಿದರೆ ಬೆಳಕು ಒಳಬಿಡುವ ಶಟರ್ ಜಾಸ್ತಿ ಹೊತ್ತು ತೆರೆದಿರುತ್ತದೆ, ಕೈಯಲ್ಲಿ ಹಿಡಿದರೆ ಅಲುಗಾಡೇ ಅಲುಗಾಡುತ್ತದೆ. ಕ್ಯಾಮೆರಾವನ್ನು ಒಂದು ಕಟ್ಟೆ ಮೇಲೆ, ಮಡಚಿದ ಟವೆಲ್ ಮೇಲೆ ಕೂರಿಸಿ 2 ಸೆಕೆಂಡಿನ ಟೈಮರ್ ಹಾಕಿ. ಬಟನ್ ಒತ್ತುವ ಅದುರು ಅಷ್ಟರಲ್ಲಿ ನಿಂತಿರುತ್ತದೆ. ಬಲ್ಬುಗಳು ಬರೀ ಬಿಳಿ ಮುದ್ದೆಯಾದರೆ −1ಕ್ಕೆ ಬನ್ನಿ.

ಕೆಟ್ಟ ಫೋಟೊಗಳನ್ನು ಅಲ್ಲೇ ಅಳಿಸಬೇಡಿ, ದಯವಿಟ್ಟು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ಪ್ರಾಪರ್ಟೀಸ್ ತೆರೆದರೆ ಶಟರ್ ವೇಗ, ಐಎಸ್‌ಒ, ಫ್ಲ್ಯಾಶ್ ಎಲ್ಲ ಬರೆದಿರುತ್ತದೆ. ಅಲುಗಾಡಿದ್ದನ್ನೂ ಚೆನ್ನಾಗಿ ಬಂದದ್ದನ್ನೂ ಅಕ್ಕಪಕ್ಕ ಇಟ್ಟು ಶಟರ್‌ ವೇಗ ನೋಡಿ. ಅಲುಗಾಡಿದ್ದರಲ್ಲಿ 1/8 ಸೆಕೆಂಡ್, ಇನ್ನೊಂದರಲ್ಲಿ 1/60 ಇದ್ದರೆ, ನಿಮ್ಮ ಕೈ ಎಲ್ಲಿಯವರೆಗೆ ಸ್ಥಿರವಾಗಿ ನಿಲ್ಲುತ್ತದೆ ಅನ್ನುವುದಕ್ಕೆ ಉತ್ತರ ಈ ಎರಡರ ನಡುವೆ ಎಲ್ಲೋ ಇದೆ. ನಾಳೆ ಕ್ಯಾಮೆರಾ 1/15, 1/30 ಆರಿಸಿಕೊಳ್ಳುವಂಥ ಬೆಳಕಿನಲ್ಲಿ ಹತ್ತತ್ತು ತೆಗೆದು ನೋಡಿ.