ಸಬ್‌ವೂಫರ್‌ಗೆ ಕೇಬಲ್ ಕೊಳ್ಳುವ ಮುನ್ನ

ಸಿನಿಮಾ ಶುರುವಾಗಿಲ್ಲ, ಹಾಡೂ ಹಾಕಿಲ್ಲ. ಆದರೂ ಮೂಲೆಯಲ್ಲಿ ಕೂತ, ಆಳದ ಬಾಸ್ ಸದ್ದು ನುಡಿಸುವ ಪೆಟ್ಟಿಗೆಯಾದ ಸಬ್‌ವೂಫರ್ ಗುಂಯ್ ಅನ್ನುತ್ತಲೇ ಇರುತ್ತದೆ. ಹೋಮ್ ಥಿಯೇಟರ್ ಹೊಸದಾಗಿ ಜೋಡಿಸಿದವರು ಹೇಳುವ ಮಾಮೂಲಿ ದೂರು ಇದು. ಪೆಟ್ಟಿಗೆಯೇ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವವರೂ ಇದ್ದಾರೆ. ಆದರೆ ಎಷ್ಟೋ ಸಲ ತೊಂದರೆ ಪೆಟ್ಟಿಗೆಯದಲ್ಲ. ಕೇಬಲ್‌ನದು, ಇಲ್ಲವೇ ಅರ್ಥಿಂಗ್‌ನದು.

ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವಂಥದು. ಸಬ್‌ವೂಫರ್ ನುಡಿಸುವುದು ಸುಮಾರು 20ರಿಂದ 120 ಹರ್ಟ್ಸ್‌ವರೆಗಿನ ಸದ್ದು. ಅಂದರೆ ಕರೆಂಟಿನ 50 ಹರ್ಟ್ಸ್, ಅದರ ದುಪ್ಪಟ್ಟು 100 ಹರ್ಟ್ಸ್ ಎರಡೂ ಸಬ್‌ವೂಫರ್‌ನ ಅಂಗಳದೊಳಗೇ ಇವೆ. ಕರೆಂಟಿನಿಂದ ನುಸುಳುವ ಇದೇ ಕಸ ಪುಟ್ಟ ಸ್ಪೀಕರ್‌ನ ವೈರಿಗೆ ಸೇರಿಕೊಂಡರೆ ಕಿವಿಗೆ ಬೀಳುವುದೇ ಕಡಿಮೆ. ಸಬ್‌ವೂಫರ್ ಮಾತ್ರ ಅದನ್ನು ಹಿಗ್ಗಿಸಿ ಕೇಳಿಸುತ್ತದೆ. ಕೇಬಲ್ ಆರಿಸುವಾಗ ಬಂಗಾರದ ಲೇಪ, ಬಾಣದ ಗುರುತು, ಹಾವಿನ ಚರ್ಮದಂಥ ಹೊದಿಕೆ ಇವನ್ನೆಲ್ಲ ಪಕ್ಕಕ್ಕಿಟ್ಟು ಈ 50 ಹರ್ಟ್ಸ್ ಒಳನುಸುಳದಂತೆ ತಡೆಯುವುದು ಹೇಗೆ ಎಂದಷ್ಟೇ ಯೋಚಿಸಬೇಕು.

ಮೊದಲು ಹಿಂಬದಿ ನೋಡಿ

ಪೆಟ್ಟಿಗೆಯ ಹಿಂದೆ ಕರೆಂಟಿನ ಸಾಕೆಟ್ ಇದೆಯೇ? ಇದ್ದರೆ ಅದು ಪವರ್ಡ್ ಸಬ್‌ವೂಫರ್, ಆಂಪ್ಲಿಫೈಯರ್ ಒಳಗೇ ಇದೆ. ಅದಕ್ಕೆ ರಿಸೀವರ್‌ನ (ಸ್ಪೀಕರ್‌ಗಳಿಗೆಲ್ಲ ಸದ್ದು ಹಂಚುವ ಮುಖ್ಯ ಪೆಟ್ಟಿಗೆ) ‘ಸಬ್ ಔಟ್’ನಿಂದ ಒಂದೇ ಒಂದು ಆರ್‌ಸಿಎ ಕೇಬಲ್ (ನಡುವೆ ಮೊಳೆ, ಸುತ್ತ ಬಳೆ ಇರುವ ಪಿನ್ನಿನದು) ಸಾಕು. ಸಬ್‌ವೂಫರ್‌ನಲ್ಲಿ ಎಡ, ಬಲ ಎಂದು ಎರಡು ತೂತಿದ್ದು, ಒಂದರ ಪಕ್ಕದಲ್ಲಿ ‘ಎಲ್‌ಎಫ್‌ಇ’ ಅಥವಾ ‘ಮೊನೊ’ ಎಂದು ಬರೆದಿದ್ದರೆ ಅದಕ್ಕೇ ಚುಚ್ಚಿ. ಅಂಗಡಿಯವರು ಜೊತೆಗೊಂದು ‘ವೈ’ ಕನೆಕ್ಟರ್ (ಒಂದು ಕೇಬಲನ್ನು ಎರಡೂ ತೂತಿಗೆ ಕವಲೊಡೆಸುವುದು) ತಗಲಿಸಲು ನೋಡುತ್ತಾರೆ. ಸದ್ದು ಸ್ವಲ್ಪ ಜೋರಾಗುವುದು ಬಿಟ್ಟರೆ ಅದರಿಂದ ಲಾಭವಿಲ್ಲ, ಆ ಕೆಲಸವನ್ನು ವಾಲ್ಯೂಮ್ ಗುಂಡಿಯೇ ಮಾಡುತ್ತದೆ. ಸೌಂಡ್‌ಬಾರ್ ಜೊತೆ ಬರುವ ವೈರ್‌ಲೆಸ್ ಸಬ್‌ವೂಫರ್ ಆದರೆ ಕರೆಂಟಿನ ವೈರು ಬಿಟ್ಟು ಬೇರೇನೂ ಬೇಕಿಲ್ಲ.

ಹಳೆಯ ಸ್ಟೀರಿಯೊ ಆಂಪ್ಲಿಫೈಯರ್‌ನಲ್ಲಿ ‘ಸಬ್ ಔಟ್’ ಇರುವುದಿಲ್ಲ. ಆಗ ಸ್ಪೀಕರ್ ಟರ್ಮಿನಲ್‌ನಿಂದಲೇ ಸಬ್‌ವೂಫರ್‌ನ ಹೈ ಲೆವೆಲ್ ಇನ್‌ಪುಟ್‌ಗೆ ವೈರ್ ಕೊಡಬಹುದು. ಇಲ್ಲಿ ಹರಿಯುವ ಕರೆಂಟು ತೀರಾ ಅಲ್ಪ, ತೆಳು ವೈರೇ ಸಾಕು. ಆದರೆ ಆಂಪ್ಲಿಫೈಯರ್ ಕ್ಲಾಸ್-ಡಿ ಅಥವಾ ಬ್ರಿಡ್ಜ್ಡ್ ಮಾದರಿಯದಾದರೆ ಕಪ್ಪು ವೈರನ್ನು ಎಲ್ಲಿಗೆ ಸೇರಿಸಬೇಕೆಂದು ಕೈಪಿಡಿ ನೋಡದೆ ಮುಟ್ಟಬೇಡಿ.

ಕರೆಂಟಿನ ಸಾಕೆಟ್ ಇಲ್ಲದೆ ಬರೀ ಕೆಂಪು, ಕಪ್ಪು ಟರ್ಮಿನಲ್ ಇದ್ದರೆ ಅದು ಪ್ಯಾಸಿವ್ ಸಬ್‌ವೂಫರ್. ಇಲ್ಲಿ ವೈರಿನ ದಪ್ಪವೇ ಮುಖ್ಯ. 4 ಓಮ್‌ನ ಸಬ್‌ವೂಫರ್ 10 ಮೀಟರ್ ದೂರದಲ್ಲಿದ್ದರೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿ. ಹೋಗಿಬರುವ 20 ಮೀಟರಿಗೆ ಅದರ ರೆಸಿಸ್ಟೆನ್ಸ್ 0.14 ಓಮ್‌ನಷ್ಟು, ಚಿಂತೆಯಿಲ್ಲ. ಕೊಳ್ಳುವ ಮೊದಲು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ.

ಷೀಲ್ಡ್ ಎಂಬ ಜಾಲರಿ

ಆರ್‌ಸಿಎ ಕೇಬಲನ್ನು ಅಡ್ಡ ಕತ್ತರಿಸಿದರೆ ನಡುವೆ ಒಂದು ತಂತಿ, ಅದರ ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಹೆಣೆದ ಲೋಹದ ಜಾಲರಿ, ಹೊರಗೆ ರಬ್ಬರಿನಂಥ ಹೊದಿಕೆ ಕಾಣುತ್ತದೆ. ಜನ ಕೇಳುವುದು ನಡುವಿನ ತಂತಿಯ ಬಗ್ಗೆ. ಕೇಳಬೇಕಾದದ್ದು ಜಾಲರಿಯ ಬಗ್ಗೆ. ಅದು ಬರೀ ಬೇಲಿಯಲ್ಲ, ಸಿಗ್ನಲ್ ಮರಳಿ ಹೋಗುವ ದಾರಿಯೂ ಹೌದು. ರಿಸೀವರ್ ಮತ್ತು ಸಬ್‌ವೂಫರ್ ಎರಡರಿಂದಲೂ ಸೋರುವ ಅಷ್ಟಿಷ್ಟು ಕರೆಂಟು ಇದೇ ಜಾಲರಿಯಲ್ಲಿ ಹರಿಯುತ್ತದೆ. ಜಾಲರಿಯ ರೆಸಿಸ್ಟೆನ್ಸ್ 1 ಓಮ್ ಇದ್ದು, 1 ಮಿಲಿಆಂಪಿಯರ್ ಸೋರಿದರೆ 1 ಮಿಲಿವೋಲ್ಟ್ ಗುಂಯ್‌ಕಾರ ಹಾಡಿನ ಜೊತೆ ಸೇರಿಕೊಂಡಂತೆ. 0.1 ಓಮ್ ಇದ್ದರೆ ಅದರ ಹತ್ತನೇ ಒಂದು ಪಾಲು ಮಾತ್ರ. ದಟ್ಟವಾಗಿ ಹೆಣೆದ ತಾಮ್ರದ ಜಾಲರಿ ಬೇಕೆನ್ನುವುದು ಇದಕ್ಕೇ. ಬರೀ ಬೇಗಡೆ ಸುತ್ತಿದ ತೆಳು ಕೇಬಲ್ ಬೇಡ.

ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಕೇಬಲನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಡಿಶ್‌ಗೆ ಬಳಸುವ ಆರ್‌ಜಿ-6 ಕೇಬಲ್ ಸಬ್‌ವೂಫರ್‌ಗೂ ನಡೆಯುತ್ತದೆ. ಅದರ ನಡುವಿನ ತಂತಿ ಹೆಚ್ಚಾಗಿ ತಾಮ್ರ ಬಳಿದ ಉಕ್ಕು. ಸಬ್‌ವೂಫರ್‌ನ ಇನ್‌ಪುಟ್ ಸಾಮಾನ್ಯವಾಗಿ 10 ಕಿಲೋಓಮ್ ಅಥವಾ ಅದಕ್ಕಿಂತ ಹೆಚ್ಚಿರುವುದರಿಂದ ಉಕ್ಕಿನ ಹೆಚ್ಚುವರಿ ರೆಸಿಸ್ಟೆನ್ಸ್ ಏನೂ ಬಾಧಕವಲ್ಲ. ತೊಡಕಿರುವುದು ಜಾಲರಿಯಲ್ಲಿ: ಅದು ಅಲ್ಯೂಮಿನಿಯಂ ಆಗಿದ್ದರೆ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ, ಒತ್ತಿ ಕೂರಿಸುವ ಕಂಪ್ರೆಷನ್ ಪಿನ್ನೇ ಬೇಕು. ಬೆಸುಗೆ ಹಾಕುವುದಾದರೆ ತಾಮ್ರದ ಜಾಲರಿ ಇರುವ ಕೇಬಲನ್ನೇ ಕೇಳಿ ಪಡೆಯಿರಿ. ಸಿಸಿಟಿವಿಗೆ ಹಾಕುವ ಅಗ್ಗದ 3+1 ಕೇಬಲಿನ ಜಾಲರಿಯೋ, ಬೆರಳಲ್ಲಿ ಸವರಿದರೆ ಚದುರುವಷ್ಟು ವಿರಳ. ಅದನ್ನು ಬಿಟ್ಟುಬಿಡಿ.

ಅಳತೆ ಮತ್ತು ಹಾದಿ

ಗಾಳಿಯಲ್ಲಿ ಟೇಪು ಹಿಡಿದು ಅಳೆಯಬೇಡಿ. ಗೋಡೆಯ ಅಂಚಿನಗುಂಟ, ಬಾಗಿಲ ಚೌಕಟ್ಟು ಸುತ್ತಿ ಅಳೆದು, ಒಂದು ಮೀಟರ್ ಹೆಚ್ಚು ತೆಗೆದುಕೊಳ್ಳಿ. ಸಬ್‌ವೂಫರ್‌ನ ಜಾಗ ಒಂದೇ ಏಟಿಗೆ ಗೊತ್ತಾಗುವುದಿಲ್ಲ, ಒಂದೆರಡು ಮೂಲೆಗೆ ಸರಿಸಿ ಕೇಳಬೇಕಾಗುತ್ತದೆ. 10 ಮೀಟರ್ ದಾಟಿದರೂ ಬಾಸ್ ಸೊರಗುವುದಿಲ್ಲ, ಇಷ್ಟು ಕೆಳಗಿನ ಸ್ವರಕ್ಕೆ ಕೇಬಲಿನ ಕೆಪಾಸಿಟೆನ್ಸ್ ಲೆಕ್ಕಕ್ಕೇ ಬರುವುದಿಲ್ಲ. ತೀರಾ ಉದ್ದವಾದರೆ, ಎರಡೂ ಕಡೆ ಎಕ್ಸ್‌ಎಲ್‌ಆರ್ ಸಾಕೆಟ್ (ಮೈಕಿಗೆ ಇರುವಂಥ ಮೂರು ಪಿನ್ನಿನದು) ಇದ್ದರೆ ಅದನ್ನೇ ಬಳಸಿ.

ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಇದನ್ನು ಎಳೆಯಕೂಡದು. ದಾಟಲೇಬೇಕಾದಲ್ಲಿ ನೇರ ಅಡ್ಡಕ್ಕೆ ದಾಟಿಸಿ. ಹೊಸ ಮನೆ ಕಟ್ಟುತ್ತಿದ್ದರೆ ಗೋಡೆ ಗಾರೆಯಾಗುವ ಮುನ್ನವೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಬೇರೊಂದು ಪೈಪ್ ಹಾಕಿಸಿ. ಪಿನ್ ಕೂರಿಸಿದ ಕೇಬಲ್ ಬಾಗುಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಬರಿ ಕೇಬಲ್ ಎಳೆದು ಆಮೇಲೆ ಪಿನ್ ಹಾಕಿಸಿ.

ಪಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೋಹದ ಮೈ ಇರಬೇಕು, ಸಾಕೆಟ್ಟಿನಲ್ಲಿ ಬಿಗಿಯಾಗಿ ಕೂರಬೇಕು, ತಿರುಚಿದರೆ ಅಲ್ಲಾಡಬಾರದು. ಬಂಗಾರದ ಲೇಪದಿಂದ ಸದ್ದು ಸುಧಾರಿಸುವುದಿಲ್ಲ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಕಿಲುಬು ಹಿಡಿಯದೆ ಬಾಳುತ್ತದೆ ಅಷ್ಟೆ. ಪಿನ್ ಹಾಕಿದ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿ: ಈ ತುದಿಯ ನಡುತಂತಿಯಿಂದ ಆ ತುದಿಯ ನಡುತಂತಿಗೆ ಬೀಪ್ ಬರಬೇಕು, ಜಾಲರಿಯಿಂದ ಜಾಲರಿಗೂ ಬರಬೇಕು, ನಡುತಂತಿಯಿಂದ ಜಾಲರಿಗೆ ಬರಲೇಬಾರದು.

ಜೋಡಿಸುವಾಗ

ಎರಡೂ ಉಪಕರಣ ಆಫ್ ಮಾಡಿಯೇ ಚುಚ್ಚಿ. ಆರ್‌ಸಿಎ ಪಿನ್ನಿನ ನಡುಮೊಳೆ ಹೊರಬಳೆಗಿಂತ ಮೊದಲು ಸಾಕೆಟ್ಟನ್ನು ಮುಟ್ಟುತ್ತದೆ. ಸಬ್‌ವೂಫರ್ ಆನ್ ಇದ್ದರೆ ಆ ಒಂದು ಕ್ಷಣ ಭರ್ರೆಂದು ಕಿರುಚಿ ಕೋನಿಗೇ ಪೆಟ್ಟಾಗಬಹುದು.

ಇಷ್ಟಾದರೂ ಗುಂಯ್‌ಕಾರ ನಿಲ್ಲದಿದ್ದರೆ ಒಂದೊಂದಾಗಿ ಹುಡುಕಿ. ಉಪಕರಣ ಆಫ್ ಮಾಡಿ, ಸಬ್‌ವೂಫರ್‌ನಿಂದ ಆರ್‌ಸಿಎ ಕಿತ್ತು, ಮತ್ತೆ ಆನ್ ಮಾಡಿ ಕೇಳಿ. ಆಗಲೂ ಸದ್ದಿದ್ದರೆ ತಪ್ಪು ಪೆಟ್ಟಿಗೆಯದೇ. ನಿಂತರೆ ಕೇಬಲನ್ನು ಮರಳಿ ಹಾಕಿ, ಈ ಸಲ ಸೆಟ್‌ಟಾಪ್ ಬಾಕ್ಸಿಗೆ ಬರುವ ಡಿಶ್ ಅಥವಾ ಕೇಬಲ್ ಟಿವಿ ವೈರನ್ನು ಬಿಚ್ಚಿ. ಅಪಾರ್ಟ್‌ಮೆಂಟುಗಳಲ್ಲಿ ಅಪರಾಧಿ ಇಲ್ಲೇ ಸಿಗುವುದು ಹೆಚ್ಚು. ಆ ವೈರಿನ ಜಾಲರಿ ಬೇರೆಲ್ಲೋ ಅರ್ಥ್ ಆಗಿದ್ದು, ನಿಮ್ಮ ಸಬ್‌ವೂಫರ್‌ನ ಅರ್ಥ್ ಜೊತೆ ಸೇರಿ ಒಂದು ಸುತ್ತು, ಅಂದರೆ ಗ್ರೌಂಡ್ ಲೂಪ್, ಆಗಿರುತ್ತದೆ. ಅದೂ ಅಲ್ಲವಾದರೆ ರಿಸೀವರ್, ಟಿವಿ, ಸಬ್‌ವೂಫರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ.

ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವ ‘ಉಪಾಯ’ವನ್ನು ಕೆಲವು ಮೆಕ್ಯಾನಿಕ್‌ಗಳು ಈಗಲೂ ಹೇಳಿಕೊಡುತ್ತಾರೆ. ಒಳಗೆ ಇನ್ಸುಲೇಷನ್ ಹೋದ ದಿನ ಪೆಟ್ಟಿಗೆಯ ಲೋಹದ ಭಾಗವೇ ಶಾಕ್ ಹೊಡೆಯುತ್ತದೆ, ಆ ಕೆಲಸಕ್ಕೆ ಕೈಹಾಕಬೇಡಿ. ಅದರ ಬದಲು ಆ ಸುತ್ತನ್ನು ಕಡಿಯುವ ಆರ್‌ಸಿಎ ಗ್ರೌಂಡ್ ಲೂಪ್ ಐಸೊಲೇಟರ್ ಕೊಳ್ಳಬಹುದು. ಆದರೆ ಅಗ್ಗದ ಐಸೊಲೇಟರ್‌ಗಳೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಆಳದ ಬಾಸನ್ನೂ ತಿಂದುಹಾಕುತ್ತದೆ. 20 ಹರ್ಟ್ಸ್‌ವರೆಗೂ ಬಿಡುತ್ತದೆಂದು ವಿವರದಲ್ಲಿ ನಮೂದಿಸಿರುವುದನ್ನೇ, ಹಿಂದಿರುಗಿಸುವ ಅವಕಾಶವಿಟ್ಟುಕೊಂಡು ತನ್ನಿ.