ಆಕ್ಷೇಪಣೆ ಪತ್ರಗಳ ಹಿಂದೆ ಬಿದ್ದ ನನ್ನ ಅನುಭವ

"ಈ ಪೇಪರ್ ಒಟ್ಟು ಮಾಡಿ ಏನು ಮಾಡ್ತೀರಿ ಮಾರಾಯ್ರೆ" ಎಂದು ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಹಾಗಾಗಿ ತಂಬಾಕು ಅಂಗಡಿ ಲೈಸೆನ್ಸಿಗೆ ಅಡ್ಡ ಬಂದ ಆ ಪತ್ರಗಳ ಕಥೆ ಬರೆಯುತ್ತಿದ್ದೇನೆ.

ತಂಬಾಕು ಮಾರುವ ಅಂಗಡಿಗೆ ಬೇರೆ ಲೈಸೆನ್ಸ್ ಇರಲಿ, ಅಲ್ಲಿ ಚಾಕಲೇಟು, ಚಿಪ್ಸು ಬೇಡ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಮಂಗಳೂರು ಹತ್ತಿರದ ಒಂದು ಸ್ಥಳೀಯ ಸಂಸ್ಥೆ ಅದನ್ನು ತರಲು ಹೊರಟಿತು. ಗೂಡಂಗಡಿಯವರ ಹೆಸರಲ್ಲಿ ಆಕ್ಷೇಪಣೆಗಳ ರಾಶಿ ಬಂತು. ಫೈಲ್ ಮೂಲೆ ಸೇರಿತು.

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಜಾಥಾ, ಬ್ಯಾನರು, ಡಾಕ್ಟರ ಭಾಷಣ. ಹತ್ತು ಹನ್ನೆರಡು ಸಾವಿರ ಕರಗಿತು, ಫೈಲ್ ಅಲುಗಲಿಲ್ಲ. ಆಮೇಲೆ ಆ ಆಕ್ಷೇಪಣೆಗಳ ಪ್ರತಿ ಕೇಳಿ ಆರ್‌ಟಿಐಗೆ (ಮಾಹಿತಿ ಹಕ್ಕು) ಇಳಿದೆ. ಮೊದಲ ಅರ್ಜಿ ವಾಪಸ್ ಬಂತು. 150 ಪದ, ಒಂದೇ ವಿಷಯ ಅನ್ನೋ ನಮ್ಮ ರಾಜ್ಯದ ನಿಯಮ ಇದೆ ಅಲ್ವಾ, ಅದನ್ನೇ ಹಿಡಿದರು. ಎರಡನೆಯದಕ್ಕೆ ಉತ್ತರವೇ ಇಲ್ಲ. ಮೇಲ್ಮನವಿ ಹಾಕಿದ ಮೇಲೆ ಪುಟಕ್ಕೆ 2 ರೂಪಾಯಿ ಕಟ್ಟಿಸಿಕೊಂಡು ಕೊಟ್ಟರು. ಒಟ್ಟು ಆರೇಳು ನೂರು ಆಗಿರಬಹುದು. ಪತ್ರಗಳ ಜೊತೆ ಇನ್ನೊಂದು ಕಾಗದವನ್ನೂ ಕೇಳಿದ್ದೆ. ಯಾವುದು ಅಂತ ಇಲ್ಲಿ ಬರೆಯಲ್ಲ. ಬರೆದರೆ ಮುಂದಿನ ಸಲ ಅದು ಫೈಲಲ್ಲೇ ಇರಲ್ಲ.

ನೆಲದ ಮೇಲೆ ಹರಡಿ ನೋಡಿದೆ. ಸಹಿ ಬೇರೆ ಬೇರೆ, ಒಕ್ಕಣೆ ಒಂದೇ. ಕಾಗುಣಿತದ ತಪ್ಪುಗಳೂ ಅವೇ! ಒಂದೇ ತರದವನ್ನೆಲ್ಲ ಸೇರಿಸಿ ಪಟ್ಟಿ ಮಾಡಿದೆ. ಸಹಿ ಹಾಕಿದವರನ್ನು ಸ್ಕೂಟರಲ್ಲಿ ಹುಡುಕಿಕೊಂಡು ಹೋದೆ. ಸುರತ್ಕಲ್ ಕಡೆಯ ಒಬ್ಬರು "ಮಾಲು ಹಾಕುವ ಹುಡುಗ ತಂದ, ಹಾಕಿದೆ" ಎಂದರು. ಒಳಗೆ ಏನಿದೆ ಎಂದು ಓದಿರಲಿಲ್ಲ.

ಬೀಡಿ ಕಟ್ಟುವ ಹೆಂಗಸರು ಬೀದಿಗೆ ಬೀಳುತ್ತಾರೆ ಎಂದೂ ಬರೆದಿತ್ತು. ನಮ್ಮ ಕಡೆ ಆ ಮಾತಿಗೆ ತೂಕ ಜಾಸ್ತಿ. ಸುಮ್ನೆ ಕುತೂಹಲಕ್ಕೆ ನಾಲ್ಕಾರು ಮನೆಗಳಲ್ಲಿ ವಿಚಾರಿಸಿದೆ. ಪತ್ರದ ಸುದ್ದಿಯೇ ಗೊತ್ತಿಲ್ಲ. ಅವರು ತಿರುಗಿ ಕೇಳಿದ್ದು, ಸಾವಿರ ಬೀಡಿಗೆ ಮಜೂರಿ ಏರುತ್ತದಾ ಅಂತ.

ದೆಹಲಿಯಲ್ಲೂ ತಂಬಾಕು ಉದ್ಯಮದ ಇದೇ ಆಟ ನಡೆದಿತ್ತು. ಪ್ಯಾಕಿನ ಶೇ. 85 ಭಾಗ ತುಂಬುವ ಚಿತ್ರ ಎಚ್ಚರಿಕೆ 2015ರ ಏಪ್ರಿಲ್‌ಗೆ ಬರಬೇಕಿತ್ತು. ಅದನ್ನು ಪರಿಶೀಲಿಸಿದ ಸಂಸದೀಯ ಸಮಿತಿಯಲ್ಲಿ ಬೀಡಿ ಉದ್ಯಮಿ ಸಂಸದರೊಬ್ಬರೇ ಕೂತಿದ್ದರು. ಒಂದು ವರ್ಷ ತಡವಾಯಿತು. ಈ ಉದಾಹರಣೆಯನ್ನೂ ನನ್ನ ಪಟ್ಟಿಗೆ ಅಂಟಿಸಿದೆ. ತಂಬಾಕು ಕಂಪನಿಗಳ ಹಿತಾಸಕ್ತಿಯಿಂದ ಆರೋಗ್ಯ ನೀತಿಯನ್ನು ಕಾಪಾಡಬೇಕು ಎನ್ನುವ ಎಫ್‌ಸಿಟಿಸಿಯ (ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ) 5.3ನೇ ವಿಧಿಯನ್ನೂ ಸೇರಿಸಿದೆ. ಭಾರತ 2004ರಲ್ಲೇ ಒಪ್ಪಿಕೊಂಡ ಒಪ್ಪಂದ ಅದು.

ಪಟ್ಟಿ ನೋಡಿದ ಅಧಿಕಾರಿ ಸಹಿ ಹಾಕಿದವರೆಲ್ಲ ಖುದ್ದು ಬಂದು ಹೇಳಲಿ ಎಂದರು. ಬಂದವರು ಬೆರಳೆಣಿಕೆ. ಒಂದೇ ಒಕ್ಕಣೆಯ ಪತ್ರಗಳನ್ನೆಲ್ಲ ಒಂದೇ ಆಕ್ಷೇಪಣೆ ಎಂದು ಬರೆದುಕೊಂಡರು. ಮುಂದಿನ ಸಭೆಯಲ್ಲಿ ಲೈಸೆನ್ಸ್ ಷರತ್ತು ಪಾಸಾಯಿತು. ಉಡುಪಿಯ ಗೆಳೆಯರು ನನ್ನ ಪಟ್ಟಿಯ ನಮೂನೆ ಕೇಳಿದ್ದಾರೆ. ಕೊಡುತ್ತೇನೆ, ಜೆರಾಕ್ಸ್ ಖರ್ಚು ಅವರದು.