ಮನೆಯವರೇ ಕದ್ದು ಇಣುಕುತ್ತಿದ್ದಾರೆ ಅಂತ ಗೊತ್ತಾದಾಗ

ಹಿತ್ತಲಲ್ಲಿ ಬಕೆಟ್ ಬೋರಲು ಹಾಕಿತ್ತು. ಅದರ ತಳದ ಮೇಲೆ ಒದ್ದೆ ಚಪ್ಪಲಿಯ ಗುರುತು. ಸರಿಯಾಗಿ ಅದರ ಮೇಲೆ ಪಕ್ಕದ ಮನೆ ಬಚ್ಚಲಿನ ವೆಂಟಿಲೇಟರ್. ಅದರ ಒಂದು ಗಾಜಿನ ಪಟ್ಟಿ ಎಳೆದು ಗೋಡೆಗೆ ಒರಗಿಸಿಟ್ಟಿದ್ದರು. ಒಳಗಿದ್ದ ಹುಡುಗಿ ಕಿರುಚಿ ಹತ್ತು ನಿಮಿಷವೂ ಆಗಿರಲಿಲ್ಲ. ಆ ಚಪ್ಪಲಿ ನನ್ನ ತಮ್ಮನದು. ಅವನಿಗೆ 26 ವರ್ಷ.

ಅಪ್ಪ ಬೆಲ್ಟ್ ತೆಗೆದರು. ಸೋದರಮಾವ "ಒಂದು ಮದುವೆ ಮಾಡಿಬಿಡಿ, ಸರಿ ಹೋಗ್ತಾನೆ" ಅಂದರು. ಎರಡನ್ನೂ ಮಾಡಬೇಡಿ. ಹೊಡೆದರೆ ಇನ್ನಷ್ಟು ಜಾಣತನದಿಂದ ಬಚ್ಚಿಡುತ್ತಾರೆ. ಮದುವೆ ಮಾಡಿದರೆ ಏನೂ ಅರಿಯದ ಇನ್ನೊಂದು ಹೆಣ್ಣುಮಗಳು ಇದರೊಳಗೆ ಬಂದು ಬೀಳುತ್ತಾಳೆ.

ಮೊದಲು ಆ ಹುಡುಗಿಯ ಮನೆಗೆ ಹೋಗಿ. ರಾಜಿಗೆ ಅಲ್ಲ. "ನಡೆದದ್ದು ನಿಜ, ನೀವು ಏನೇ ಮಾಡಿದರೂ ನಾವು ಅಡ್ಡ ಬರಲ್ಲ" ಅಂತ ಹೇಳೋದಕ್ಕೆ. ಹೆಣ್ಣುಮಕ್ಕಳನ್ನು ಹೀಗೆ ಕದ್ದು ನೋಡುವುದು, ಚಿತ್ರ ತೆಗೆಯುವುದು 2013ರಿಂದ ಪ್ರತ್ಯೇಕ ಅಪರಾಧ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್. ಮೊದಲ ಸಲಕ್ಕೆ 1ರಿಂದ 3 ವರ್ಷ ಜೈಲು ಮತ್ತು ದಂಡ, ಮತ್ತೆ ಮಾಡಿದರೆ 3ರಿಂದ 7 ವರ್ಷ. ನೋಡಿದ್ದು 18 ವರ್ಷದೊಳಗಿನ ಮಗುವನ್ನಾದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ ಪೋಕ್ಸೊ ಬರುತ್ತದೆ. ನಮ್ಮ ಪಕ್ಕದವರು ದೂರು ಕೊಟ್ಟರು. ಕೇಸ್ ನಡೆಯುತ್ತಿದೆ. ಕಾಯಿಲೆ ಅಂದಮಾತ್ರಕ್ಕೆ ತಪ್ಪು ಮಾಫಿ ಆಗಲ್ಲ, ಆಗಲೂಬಾರದು.

ಇನ್ನು ಕಾಯಿಲೆಯ ಮಾತು. ಡಾಕ್ಟರುಗಳು ಇದನ್ನು ವಾಯರಿಸ್ಟಿಕ್ ಡಿಸಾರ್ಡರ್ ಅನ್ನುತ್ತಾರೆ. ಬಟ್ಟೆ ಬದಲಿಸುತ್ತಿರುವವರನ್ನು, ಬೆತ್ತಲೆ ಇರುವವರನ್ನು, ಕೂಡುತ್ತಿರುವವರನ್ನು ಅವರಿಗೆ ತಿಳಿಯದ ಹಾಗೆ ನೋಡಿ ಕಾಮದ ಉದ್ರೇಕ ಪಡೆಯುವುದು. ಇದರ ಜೀವಾಳ ಇರೋದು "ಅವರಿಗೆ ತಿಳಿಯದ ಹಾಗೆ" ಅನ್ನುವುದರಲ್ಲಿ. ಒಪ್ಪಿಗೆ ಇದ್ದರೆ ಇದು ಆ ಕಾಯಿಲೆಯೇ ಅಲ್ಲ. ಡಿಎಸ್‌ಎಂ-5 ಅನ್ನುವ ವೈದ್ಯರ ಕೈಪಿಡಿಯ ಪ್ರಕಾರ ವಯಸ್ಸು 18 ದಾಟಿರಬೇಕು, ಈ ತುಡಿತ ಕನಿಷ್ಠ 6 ತಿಂಗಳು ಮತ್ತೆ ಮತ್ತೆ ಬಂದಿರಬೇಕು. ಜೊತೆಗೆ ಒಪ್ಪದವರ ಮೇಲೆ ಅದನ್ನು ನಡೆಸಿರಬೇಕು, ಇಲ್ಲವೇ ಅದರಿಂದ ತನಗೇ ತೀರಾ ಸಂಕಟ ಆಗುತ್ತಿರಬೇಕು. ನನ್ನ ತಮ್ಮ "ನನಗೇನೂ ಸಂಕಟ ಇಲ್ಲ, ಹಾಗಾದ್ರೆ ಕಾಯಿಲೆ ಅಲ್ವಲ್ಲ" ಅಂದ. ಡಾಕ್ಟರು "ನೀವು ಬಕೆಟ್ ಹತ್ತಿದ್ರಿ, ಅದು ಒಂದೇ ಸಲ ಅಲ್ಲ. ಅಷ್ಟು ಸಾಕು" ಅಂದರು.

ಕದ್ದು ನೋಡಿದವರೆಲ್ಲ ರೋಗಿಗಳಲ್ಲ, ಇದೂ ನೆನಪಿರಲಿ. ದುಡ್ಡಿಗೆ, ಹೆದರಿಸುವುದಕ್ಕೆ, ಸೇಡಿಗೆ ಅಂತ ಕ್ಯಾಮೆರಾ ಬಚ್ಚಿಡುವವರೂ ಇದ್ದಾರೆ. ಯಾರದು ಏನು ಅಂತ ಮನೆಯಲ್ಲಿ ಕೂತು ತೀರ್ಮಾನಿಸಬೇಡಿ, ಅದು ಮನೋವೈದ್ಯರ ಕೆಲಸ.

ಕದ್ದು ನೋಡಿದ ನಿಮ್ಮವರ ಜೊತೆ ಮಾತಾಡುವಾಗ "ಯಾಕೆ ಹೀಗೆ ಮಾಡಿದೆ?" ಅಂತ ಕೇಳಬೇಡಿ. ನಾನು ಮೂರು ದಿನ ಅದನ್ನೇ ಕೇಳಿದೆ, ಅವನು ಗೋಡೆ ನೋಡುತ್ತಾ ಕೂತ. ನಾಲ್ಕನೇ ದಿನ "ಯಾವಾಗಿಂದ? ಹೋಗೋ ಮುಂಚೆ ಏನಾಗುತ್ತೆ?" ಅಂದೆ. ಆಗ ಬಾಯಿ ಬಿಟ್ಟ. ಪಿಯುಸಿಯಿಂದ. ಆಫೀಸಿನಲ್ಲಿ ಬೈಸಿಕೊಂಡ ದಿನ ಸಂಜೆ ಸುಮ್ನೆ ಅಂತ ಮಹಡಿ ಹತ್ತುತ್ತಾನೆ, ಎದೆ ಡವಡವ ಅನ್ನುತ್ತದೆ, ಆಮೇಲೆ ಕಾಲು ತಾನಾಗಿ ಹಿತ್ತಲಿಗೆ ಹೋಗುತ್ತದೆ. ನೋಡಿ ಬಂದ ಮೇಲೆ ಸ್ವಲ್ಪ ಹೊತ್ತು ಹಗುರ. ಆ ಹಗುರಕ್ಕೇ ಮತ್ತೆ ಹೋಗುವುದು.

ಚಿಕಿತ್ಸೆ ಹಿಡಿಯುವುದು ಈ ಎಳೆಯನ್ನೇ. ಡಾಕ್ಟರು ಅವನ ಕೈಗೆ ಒಂದು 40 ಪುಟದ ನೋಟ್‌ಬುಕ್ ಕೊಟ್ಟರು. ತುಡಿತ ಬಂದಾಗೆಲ್ಲ ಹೊತ್ತು, ಜಾಗ, ಅದಕ್ಕೂ ಮುಂಚೆ ಏನಾಯಿತು ಅಂತ ಬರೆಯಬೇಕು. ಎರಡು ವಾರದಲ್ಲಿ ದಾರಿ ಕಂಡಿತು: ಮಹಡಿಯೇ ಮೊದಲ ಮೆಟ್ಟಿಲು. ಮಹಡಿ ಬಾಗಿಲಿನ ಬೀಗದ ಕೈ ನನ್ನ ಹತ್ತಿರ ಬಂತು, ಬೈಸಿಕೊಂಡ ದಿನ ಅವನು ನನಗೆ ಫೋನ್ ಮಾಡಬೇಕು ಅಂತಾಯಿತು. ಇದು ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯ ಒಂದು ಭಾಗ. ಜೊತೆಗೆ ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ಕೆಲವರಿಗೆ ತುಡಿತ ತಗ್ಗಿಸುತ್ತದೆ. ಗಂಡು ಹಾರ್ಮೋನ್ ಇಳಿಸುವ ಔಷಧಿಯೂ ಇದೆ, ಅದು ತೀರಾ ಕಷ್ಟದ ಕೇಸಿಗೆ ಮಾತ್ರ, ರಕ್ತಪರೀಕ್ಷೆ ಮಾಡಿಸಿಕೊಂಡೇ.

ಊರಿಗೆಲ್ಲ ಗೊತ್ತಾಗುತ್ತದೆ ಅಂತ ಆಸ್ಪತ್ರೆಗೆ ಹೆದರಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗುಟ್ಟು ಕಾಯುತ್ತದೆ. ಬೇರೆಯವರಿಗೆ ಅಪಾಯ ಇದ್ದಾಗ, ಕೋರ್ಟು ಆದೇಶ ಕೊಟ್ಟಾಗ, ಹೀಗೆ ಕೆಲವು ಸಂದರ್ಭಗಳಲ್ಲಿ ಮಾತ್ರ ಡಾಕ್ಟರು ಬಾಯಿ ಬಿಡಬಹುದು, ಅದು ಸರಿಯೇ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು, ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ.

ನಿಮ್ಮವರು ಆಸ್ಪತ್ರೆಗೆ ಬರಲ್ಲ ಅಂದರೆ ನೀವೇ ಶುರು ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಾನು ಮೊದಲ ಸಲ ಮಾಡಿದ್ದು ರಾತ್ರಿ ಹನ್ನೊಂದಕ್ಕೆ, ನಮ್ಮ ಬಚ್ಚಲಲ್ಲಿ ನಿಂತು, ಅಮ್ಮನಿಗೆ ಕೇಳಿಸದಿರಲಿ ಅಂತ ನಲ್ಲಿ ಬಿಟ್ಟುಕೊಂಡು.